ಹರಿವಿನ ಲೆಕ್ಕದ ಪಕ್ಕದಲ್ಲಿ ಮೀನಿನ ಲೆಕ್ಕ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯ ಬರಹವೊಂದರಲ್ಲಿ, ನದಿಯ ಹರಿವಿನ ದಾಖಲೆಯನ್ನು ಮೀನುಗಳ ದಾಖಲೆಯ ಪಕ್ಕದಲ್ಲಿಟ್ಟು ಓದದೆ ಜಲಾಶಯದ ಗೇಟನ್ನು ಯಾವಾಗ ಎತ್ತಬೇಕು, ಎಷ್ಟು ಎತ್ತಬೇಕು ಎಂದು ತೀರ್ಮಾನಿಸುವುದು ಸರಿಯಲ್ಲ ಎಂದು ಬರೆದಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಒಂದು ಮಾತನ್ನೇ ಹಿಡಿದು ಕೇಳಿದ ಪ್ರಶ್ನೆಗಳು. ಒಂದೇ ಅರ್ಥದ ಪತ್ರಗಳನ್ನು ಒಟ್ಟಿಗೆ ಸೇರಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನದಿಯಲ್ಲಿ ಇಂದು ಇಷ್ಟು ಸಾವಿರ ಕ್ಯುಸೆಕ್ ನೀರು ಹರಿಯುತ್ತಿದೆ ಎಂದು ದಿನವೂ ಓದುತ್ತೇವೆ. ಹರಿಯುತ್ತಲೇ ಇರುವ ನೀರನ್ನು ಅಳೆಯುವುದು ಹೇಗೆ? ಆ ಅಂಕಿಯನ್ನು ಎಷ್ಟರ ಮಟ್ಟಿಗೆ ನಂಬಬಹುದು? (ಕಾಲೇಜು ವಿದ್ಯಾರ್ಥಿನಿ)

ಉತ್ತರ: ದಿನವೂ ಅಳೆಯುವುದು ಹರಿವನ್ನಲ್ಲ, ನೀರಿನ ಮಟ್ಟವನ್ನು. ದಡದ ಬಳಿ ಭದ್ರವಾಗಿ ನಿಲ್ಲಿಸಿದ ಅಳತೆಪಟ್ಟಿಯ ಮೇಲೆ ನೀರು ಯಾವ ಗೆರೆಯನ್ನು ಮುಟ್ಟಿದೆ ಎಂದು ಒಬ್ಬರು ಓದಿ ಬರೆದಿಡುತ್ತಾರೆ, ಇಲ್ಲವೇ ಒತ್ತಡದಿಂದ ಅಥವಾ ರಾಡಾರ್‌ನಿಂದ ಕೆಲಸ ಮಾಡುವ ಉಪಕರಣವೊಂದು ಹದಿನೈದು ನಿಮಿಷಕ್ಕೊಮ್ಮೆ ತಾನೇ ಬರೆದುಕೊಳ್ಳುತ್ತದೆ. ನಿಜವಾದ ಹರಿವನ್ನು ಅಳೆಯುವುದು ವರ್ಷದಲ್ಲಿ ಕೆಲವೇ ದಿನ. ಆ ದಿನ ನದಿಯ ಒಂದು ದಡದಿಂದ ಇನ್ನೊಂದು ದಡಕ್ಕೆ ಹಗ್ಗ ಅಥವಾ ಟೇಪನ್ನು ಬಿಗಿದು, ಅಗಲವನ್ನು ಇಪ್ಪತ್ತು ಮೂವತ್ತು ಪಟ್ಟಿಗಳಾಗಿ ವಿಂಗಡಿಸಿ, ಪ್ರತಿ ಪಟ್ಟಿಯಲ್ಲೂ ಆಳವನ್ನು ಮತ್ತು ನೀರಿನ ವೇಗವನ್ನು ಅಳೆಯಬೇಕು. ತಳದ ಬಳಿ ನೀರು ನಿಧಾನ, ಮೇಲ್ಭಾಗದಲ್ಲಿ ಜೋರು; ಆದ್ದರಿಂದ ಆಳ ಕಡಿಮೆ ಇರುವಲ್ಲಿ ಮೇಲಿನಿಂದ ಹತ್ತರಲ್ಲಿ ಆರು ಪಾಲು ಆಳದಲ್ಲಿ ವೇಗಮಾಪಕವನ್ನು ಹಿಡಿಯುತ್ತಾರೆ, ಆಳ ಹೆಚ್ಚಿರುವಲ್ಲಿ ಎರಡು ಪಾಲು ಮತ್ತು ಎಂಟು ಪಾಲು ಆಳಗಳಲ್ಲಿ ಹಿಡಿದು ಸರಾಸರಿ ತೆಗೆಯುತ್ತಾರೆ. ಪ್ರತಿ ಪಟ್ಟಿಯ ಅಗಲ, ಆಳ, ವೇಗಗಳ ಗುಣಲಬ್ಧವನ್ನೆಲ್ಲ ಕೂಡಿದರೆ ಆ ದಿನದ ಹರಿವು ಸಿಗುತ್ತದೆ. ಸೆಕೆಂಡಿಗೆ ಒಂದು ಘನ ಮೀಟರ್, ಅಂದರೆ 1,000 ಲೀಟರ್ ಹರಿದರೆ ಅದು ಒಂದು ಕ್ಯುಮೆಕ್; ನೀವು ಪತ್ರಿಕೆಯಲ್ಲಿ ಓದುವ ಕ್ಯುಸೆಕ್ ಎಂದರೆ ಸೆಕೆಂಡಿಗೆ ಸುಮಾರು 28.3 ಲೀಟರ್.

ಹೀಗೆ ಬೇಸಿಗೆಯ ಬಡಹರಿವಿನಿಂದ ಪ್ರವಾಹದವರೆಗೆ ಬೇರೆ ಬೇರೆ ಮಟ್ಟಗಳಲ್ಲಿ ಅಳೆದ ಹರಿವುಗಳನ್ನು ನಕ್ಷೆಯ ಮೇಲೆ ಗುರುತಿಸಿ ಎಳೆದ ವಕ್ರರೇಖೆಯೇ ದಿನನಿತ್ಯದ ಅಂಕಿಯ ಮೂಲ: ಮಟ್ಟವನ್ನು ಓದುವುದು, ರೇಖೆಯಿಂದ ಹರಿವನ್ನು ತಿಳಿಯುವುದು. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ 1889ರಲ್ಲಿ ನ್ಯೂ ಮೆಕ್ಸಿಕೋದ ಎಂಬುಡೋ ಎಂಬಲ್ಲಿ ರಿಯೋ ಗ್ರಾಂಡೆ ನದಿಯ ಮೇಲೆ ತನ್ನ ಮೊದಲ ಹರಿವು ಮಾಪನ ಕೇಂದ್ರವನ್ನು ಸ್ಥಾಪಿಸಿತು. ಅಂದಿನಿಂದ ಇಂದಿನವರೆಗೆ ಉಪಕರಣಗಳು ಬಹಳ ಬದಲಾಗಿವೆ, ಈ ಮೂಲ ಕ್ರಮ ಬದಲಾಗಿಲ್ಲ.

ನಂಬಿಕೆಯ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ನದಿಯ ತಳ ಬದಲಾದರೆ ವಕ್ರರೇಖೆ ಸುಳ್ಳಾಗುತ್ತದೆ. ನಾನು ಕೆಲಸ ಮಾಡುತ್ತಿದ್ದ ಒಂದು ಕೇಂದ್ರದಲ್ಲಿ ಪ್ರವಾಹ ಇಳಿದ ಮೇಲೆ ಅಳತೆಪಟ್ಟಿಯ ಕೆಳಭಾಗದಲ್ಲಿ ಗೇಣುದ್ದ ಮರಳು ನಿಂತಿತ್ತು. ಮರಳಿನ ಮೇಲೆ ಹರಿಯುವ ನೀರು ಸಹಜವಾಗಿಯೇ ಎತ್ತರದ ಗೆರೆಯನ್ನು ಮುಟ್ಟುತ್ತಿತ್ತು, ನಾವು ಹಳೆಯ ರೇಖೆಯಿಂದಲೇ ಹರಿವನ್ನು ಬರೆಯುತ್ತಾ ಹೋದೆವು. ಎರಡು ತಿಂಗಳ ನಂತರ ಮೀನಿನ ಸಮೀಕ್ಷೆಗೆಂದು ಹೋದ ತಂಡ, ದಾಖಲೆಯ ಪ್ರಕಾರ ಮೊಣಕಾಲುದ್ದ ನೀರಿರಬೇಕಾದ ಜಾಗದಲ್ಲಿ ಬಂಡೆಗಳ ಮೇಲೆ ಪಾಚಿ ಒಣಗಿ ಬಿಳಿಚಿಕೊಂಡಿರುವುದನ್ನು ಕಂಡಿತು. ಪುಸ್ತಕದಲ್ಲಿ ನೀರಿತ್ತು, ಹೊಳೆಯಲ್ಲಿ ಇರಲಿಲ್ಲ. ಆ ಎರಡು ತಿಂಗಳ ಅಂಕಿಗಳನ್ನೆಲ್ಲ ತೆಗೆದುಹಾಕಬೇಕಾಯಿತು. ಅಂಕಿ ನಂಬುವಂಥದ್ದೇ ಎಂದು ತಿಳಿಯಬೇಕಾದರೆ, ಈ ಕೇಂದ್ರದಲ್ಲಿ ಹರಿವನ್ನು ಕೊನೆಯ ಬಾರಿ ನೇರವಾಗಿ ಅಳೆದದ್ದು ಯಾವಾಗ ಎಂದು ಕೇಳಿ.

ಪ್ರಶ್ನೆ: ನೀರು ಇದ್ದರೆ ಮೀನು ಇರುತ್ತದೆ. ನೀರಿನ ಪ್ರಮಾಣವನ್ನು ಸರಿಯಾಗಿ ಅಳೆದರೆ ಸಾಲದೇ? ಮೀನನ್ನೂ ಎಣಿಸುತ್ತಾ ಕೂರುವ ಖರ್ಚು ಏಕೆ? (ನಿವೃತ್ತ ಎಂಜಿನಿಯರ್)

ಉತ್ತರ: ಇದಕ್ಕೆ ತತ್ತ್ವದ ಮಾತಿಗಿಂತ ಒಂದು ನದಿಯ ಉದಾಹರಣೆಯೇ ಒಳ್ಳೆಯ ಉತ್ತರ. ಅಮೆರಿಕದ ಆರೆಗನ್‌ನಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದಲ್ಲಿ ಪೆಸಿಫಿಕ್ ಸಾಗರವನ್ನು ಸೇರುವ ಕ್ಲಾಮತ್ ನದಿಯಲ್ಲಿ 2002ರ ಸೆಪ್ಟೆಂಬರ್ ತಿಂಗಳಲ್ಲಿ, ಮೊಟ್ಟೆಯಿಡಲು ಸಮುದ್ರದಿಂದ ಮೇಲಕ್ಕೆ ಬರುತ್ತಿದ್ದ ಸಾಲ್ಮನ್ ಮೀನುಗಳು ಭಾರೀ ಸಂಖ್ಯೆಯಲ್ಲಿ ಸತ್ತವು. ಅಧಿಕೃತ ಅಂದಾಜು ಕನಿಷ್ಠ 34,000. ಆಗ ನದಿ ಬತ್ತಿರಲಿಲ್ಲ. ಹರಿವು ಕಡಿಮೆಯಿತ್ತು, ನೀರು ಬೆಚ್ಚಗಿತ್ತು, ಆ ವರ್ಷ ಮರಳಿ ಬಂದ ಮೀನುಗಳ ಸಂಖ್ಯೆ ದೊಡ್ಡದಿತ್ತು. ಮೇಲಕ್ಕೆ ಹೋಗಲು ಹಿಂಜರಿದ ಮೀನುಗಳು ಮಡುಗಳಲ್ಲಿ ಒತ್ತೊತ್ತಾಗಿ ನಿಂತವು. ಅಲ್ಲಿ ಕಿವಿರಿಗೆ ಅಂಟುವ ‘ಇಕ್’ ಎಂಬ ಪರಾವಲಂಬಿ ಜೀವಿಯೂ ಕಾಲಮ್ನಾರಿಸ್ ಎಂಬ ಬ್ಯಾಕ್ಟೀರಿಯಾ ರೋಗವೂ ಹಬ್ಬಿದವು. ಈ ಪರಾವಲಂಬಿ ಒಂದು ಮೀನನ್ನು ಬಿಟ್ಟು ತಳಕ್ಕೆ ಬಿದ್ದು, ಅಲ್ಲಿ ನೂರಾರು ಮರಿಗಳಾಗಿ ಒಡೆದು, ಅಲ್ಪ ಕಾಲದಲ್ಲೇ ಇನ್ನೊಂದು ಮೀನನ್ನು ಹುಡುಕಿಕೊಳ್ಳಬೇಕು, ಇಲ್ಲದಿದ್ದರೆ ಸಾಯುತ್ತದೆ. ನಿಂತ ಬೆಚ್ಚಗಿನ ನೀರಿನಲ್ಲಿ ಮೀನುಗಳು ಮೈಗೆ ಮೈ ತಾಗಿಸಿ ನಿಂತರೆ ಅದಕ್ಕೆ ಹುಡುಕುವ ಕಷ್ಟವೇ ಇಲ್ಲ. ಹರಿವು ಜೋರಾದರೆ ಅದರ ಮರಿಗಳು ಕೊಚ್ಚಿಹೋಗುತ್ತವೆ, ಮೀನುಗಳೂ ಚದುರಿ ಮೇಲಕ್ಕೆ ಸಾಗುತ್ತವೆ.

ಆ ಸೆಪ್ಟೆಂಬರಿನ ಹರಿವಿನ ಅಂಕಿಯನ್ನಷ್ಟೇ ನೋಡುತ್ತಿದ್ದವರಿಗೆ ಅದು ‘ಕಡಿಮೆ ಹರಿವು’. ಅದೇ ಹರಿವು ಕಡಿಮೆ ಮೀನುಗಳು ಬಂದ ವರ್ಷದಲ್ಲಿ ಅಪಾಯ ತರದೆ ಹೋಗಬಹುದು, ಹೆಚ್ಚು ಮೀನುಗಳು ಬಂದ ವರ್ಷದಲ್ಲಿ ಹೆಣಗಳ ರಾಶಿಯನ್ನು ತರಬಹುದು. ಎರಡು ಅಂಕಿಗಳನ್ನು ಒಂದೇ ಹಾಳೆಯ ಮೇಲೆ ಇಟ್ಟಾಗಲೇ ಅಪಾಯ ಕಾಣುವುದು. ಆ ದುರಂತದ ನಂತರ ಕ್ಲಾಮತ್‌ನ ದೊಡ್ಡ ಉಪನದಿಯಾದ ಟ್ರಿನಿಟಿಯ ಅಣೆಕಟ್ಟಿನಿಂದ, ಬರದ ವರ್ಷಗಳ ಬೇಸಿಗೆಯ ಕೊನೆಯಲ್ಲಿ ಹೆಚ್ಚುವರಿ ನೀರು ಬಿಡುವ ಕ್ರಮ ಬೆಳೆಯಿತು. ನೀರು ಬಿಡಬೇಕೇ ಎಂದು ನಿರ್ಧರಿಸಲು ಕೆಳನದಿಯ ಹರಿವು, ಆ ವರ್ಷ ಬರಬಹುದಾದ ಮೀನುಗಳ ಅಂದಾಜು, ಹಿಡಿದು ಪರೀಕ್ಷಿಸಿದ ಮೀನುಗಳ ಕಿವಿರಿನಲ್ಲಿ ಕಂಡ ಪರಾವಲಂಬಿಗಳ ಎಣಿಕೆ, ಈ ಮೂರನ್ನೂ ನೋಡುತ್ತಾರೆ. 2014ರ ಸೆಪ್ಟೆಂಬರಿನಲ್ಲಿ ಯುರೋಕ್ ಬುಡಕಟ್ಟಿನ ಮೀನುಗಾರಿಕಾ ವಿಭಾಗದವರು ಕಿವಿರುಗಳಲ್ಲಿ ‘ಇಕ್’ ಹೆಚ್ಚುತ್ತಿರುವುದನ್ನು ಪತ್ತೆಹಚ್ಚಿದಾಗ ತುರ್ತಾಗಿ ಹೆಚ್ಚು ನೀರು ಬಿಡಲಾಯಿತು. 2002ರಂಥ ಸಾವು ಆ ವರ್ಷ ನಡೆಯಲಿಲ್ಲ. ಸೂಕ್ಷ್ಮದರ್ಶಕದ ಕೆಳಗೆ ಒಂದು ಕಿವಿರಿನ ಎಳೆಯ ಮೇಲೆ ಬಿಳಿ ಚುಕ್ಕೆಗಳನ್ನು ಎಣಿಸಿದ ಕೆಲಸ ಅಣೆಕಟ್ಟಿನ ಗೇಟಿನವರೆಗೆ ಹೋಗಿ ಮುಟ್ಟಿತು. ಆ ಎಣಿಕೆಯ ಖರ್ಚು ದುಂದು ಎಂದು ನನಗೆ ಅನ್ನಿಸುವುದಿಲ್ಲ.

ಪ್ರಶ್ನೆ: ಅಣೆಕಟ್ಟಿನಿಂದ ವರ್ಷವಿಡೀ ಹತ್ತು ಶೇಕಡಾ ನೀರನ್ನು ಬಿಟ್ಟರೆ ಮೀನು ಉಳಿಯುತ್ತದೆ ಎಂದು ಕೇಳಿದ್ದೇನೆ. ಇದು ವೈಜ್ಞಾನಿಕವೇ? (ಒಬ್ಬ ಶಿಕ್ಷಕರು)

ಉತ್ತರ: ಈ ಹತ್ತು ಶೇಕಡಾ ಬಂದದ್ದು ಎಲ್ಲಿಂದ ಎಂದು ತಿಳಿದರೆ ಅದರ ಮಿತಿಯೂ ತಿಳಿಯುತ್ತದೆ. ಡೊನಾಲ್ಡ್ ಟೆನೆಂಟ್ ಎಂಬ ಅಮೆರಿಕದ ಜೀವಿವಿಜ್ಞಾನಿ ಮೊಂಟಾನಾ, ವಯೋಮಿಂಗ್ ಮತ್ತು ನೆಬ್ರಾಸ್ಕಾ ರಾಜ್ಯಗಳ ಹನ್ನೊಂದು ಹೊಳೆಗಳಲ್ಲಿ ಅಗಲ, ಆಳ, ವೇಗಗಳನ್ನು ಅಳೆದು 1976ರಲ್ಲಿ ಒಂದು ಸರಳ ಕ್ರಮವನ್ನು ಪ್ರಕಟಿಸಿದರು. ವಾರ್ಷಿಕ ಸರಾಸರಿ ಹರಿವಿನ 10 ಶೇಕಡಾ ಇದ್ದರೆ ಹೆಚ್ಚಿನ ಜಲಚರಗಳು ಅಲ್ಪಕಾಲ ಜೀವ ಹಿಡಿದುಕೊಳ್ಳಬಹುದು, 30 ಶೇಕಡಾ ಇದ್ದರೆ ಬದುಕಲು ಚೆನ್ನಾದ ನೆಲೆ ಸಿಗುತ್ತದೆ, 60 ಶೇಕಡಾ ಇದ್ದರೆ ಅತ್ಯುತ್ತಮ ಎಂಬುದು ಅವರ ಅಭಿಪ್ರಾಯ. ಹತ್ತು ಶೇಕಡಾ ಅಲ್ಪಕಾಲಕ್ಕೆ ಜೀವ ಉಳಿಸುವ ಮಟ್ಟ ಎಂದು ಅವರೇ ಸ್ಪಷ್ಟವಾಗಿ ಹೇಳಿದ್ದರು. ಅದನ್ನು ವರ್ಷವಿಡೀ ಸಾಕೆಂಬ ಅಳತೆಯಾಗಿ ಬಳಸುವುದು ಅವರಿಗೂ ಮೀನಿಗೂ ಮಾಡುವ ಅನ್ಯಾಯ.

ನದಿಯ ಹರಿವಿಗೆ ಪ್ರಮಾಣವೊಂದೇ ಗುಣವಲ್ಲ. ಎಷ್ಟು ಬಾರಿ ಏರುತ್ತದೆ, ಏರಿದ್ದು ಎಷ್ಟು ದಿನ ನಿಲ್ಲುತ್ತದೆ, ವರ್ಷದ ಯಾವ ಕಾಲದಲ್ಲಿ ಏರುತ್ತದೆ, ಎಷ್ಟು ಬೇಗ ಏರಿ ಇಳಿಯುತ್ತದೆ ಎಂಬ ಉಳಿದ ನಾಲ್ಕು ಗುಣಗಳನ್ನೂ ಸೇರಿಸಿ ನೋಡಬೇಕೆಂದು ಅಮೆರಿಕದ ಪರಿಸರ ವಿಜ್ಞಾನಿ ಲೀರಾಯ್ ಪೋಫ್ ಮತ್ತು ಅವರ ಸಹೋದ್ಯೋಗಿಗಳು 1997ರಲ್ಲಿ ವಾದಿಸಿದ ಮೇಲೆ ಈ ಶಾಸ್ತ್ರದ ದಾರಿಯೇ ಬದಲಾಯಿತು. ಮೀನಿನ ಕಡೆಯಿಂದ ನೋಡಿದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಚೀನಾದ ಯಾಂಗ್ಜಿ ನದಿಯ ಹುಲ್ಲುಗೆಂಡೆ, ಬೆಳ್ಳಿಗೆಂಡೆ ಮೊದಲಾದ ನಾಲ್ಕು ಬಗೆಯ ಗೆಂಡೆ ಮೀನುಗಳು ನೀರು ಸುಮಾರು 18 ಡಿಗ್ರಿ ಸೆಲ್ಸಿಯಸ್‌ಗೆ ಬೆಚ್ಚಗಾದ ಮೇಲೆ, ನದಿ ಏರುತ್ತಿರುವಾಗ ಮೊಟ್ಟೆಯಿಡುತ್ತವೆ. ಮೊಟ್ಟೆ ಹರಿವಿನಲ್ಲಿ ತೇಲುತ್ತಾ ಸಾಗಿ ದಾರಿಯಲ್ಲೇ ಮರಿಯಾಗಬೇಕು. ಹರಿವು ಸೊರಗಿದರೆ ತಳಕ್ಕೆ ಇಳಿದು ಸಾಯುತ್ತದೆ. ತ್ರೀ ಗಾರ್ಜಸ್ ಅಣೆಕಟ್ಟು ಬಂದ ಮೇಲೆ ವಸಂತದಲ್ಲಿ ನೀರು ಬೆಚ್ಚಗಾಗುವುದು ತಡವಾಯಿತು, ಏರಿಕೆಯೂ ಸಪ್ಪೆಯಾಯಿತು. ಆದ್ದರಿಂದ 2011ರಿಂದ ಅಲ್ಲಿ ಬೇಸಿಗೆಯ ಆರಂಭದಲ್ಲಿ ಕೆಲವು ದಿನ ಹರಿವನ್ನು ಹಂತಹಂತವಾಗಿ ಏರಿಸಿ ಬಿಡುತ್ತಾರೆ, ಕೆಳಗಡೆ ಬಲೆಗಳನ್ನು ಒಡ್ಡಿ ತೇಲಿಬರುವ ಮೊಟ್ಟೆಗಳನ್ನು ಎಣಿಸುತ್ತಾರೆ. ವರ್ಷವಿಡೀ ಒಂದೇ ಸಮನೆ ಬಿಟ್ಟ ಹತ್ತು ಶೇಕಡಾ ನೀರಿನಲ್ಲಿ ಈ ಮೀನಿಗೆ ಬೇಕಾದ ಆ ಕೆಲವು ದಿನಗಳು ಎಂದಿಗೂ ಬರುವುದಿಲ್ಲ.

ಗಂಗೆಯ ಮೇಲ್ಭಾಗಕ್ಕೆ 2018ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯೂ ಕಾಲಕ್ಕೆ ತಕ್ಕಂತೆ ಪಾಲನ್ನು ಬದಲಿಸಿದೆ: ನವೆಂಬರಿನಿಂದ ಮಾರ್ಚ್‌ವರೆಗೆ 20 ಶೇಕಡಾ, ಅಕ್ಟೋಬರ್, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ 25 ಶೇಕಡಾ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 30 ಶೇಕಡಾ. ಒಂದೇ ಅಂಕಿಗಿಂತ ಇದು ಮೇಲು. ಆದರೆ ಶೇಕಡಾವಾರು ಪಾಲು ಆರಂಭ ಮಾತ್ರ. ಅದರಿಂದ ಮೀನಿಗೆ ಏನಾಯಿತು ಎಂದು ಅಳೆದು, ಪಾಲನ್ನು ತಿದ್ದುತ್ತಾ ಹೋಗಬೇಕು.

ಸರಾಸರಿಯ ಬಗ್ಗೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ವಿದ್ಯುತ್ತಿನ ಬೇಡಿಕೆ ಹೆಚ್ಚಿರುವ ಎರಡು ಗಂಟೆ 60 ಕ್ಯುಮೆಕ್ ಬಿಟ್ಟು, ಉಳಿದ ಇಪ್ಪತ್ತೆರಡು ಗಂಟೆ ಒಂದೇ ಕ್ಯುಮೆಕ್ ಬಿಡುವ ವಿದ್ಯುದಾಗಾರವಿದೆ ಎಂದುಕೊಳ್ಳಿ. ದಿನದ ಸರಾಸರಿ ಸುಮಾರು ಆರು ಕ್ಯುಮೆಕ್ ಎಂದು ವರದಿಯಾಗುತ್ತದೆ. ಆ ದಿನದ ಯಾವ ಗಳಿಗೆಯಲ್ಲೂ ನದಿಯಲ್ಲಿ ಆರು ಕ್ಯುಮೆಕ್ ನೀರು ಹರಿದಿಲ್ಲ. ನೀರು ಏರಿದಾಗ ದಡದಂಚಿನ ತೆಳುನೀರಿಗೆ ಬಂದ ಮರಿಗಳು, ಗೇಟು ಮುಚ್ಚಿದಾಗ ಕಲ್ಲುಗಳ ನಡುವಿನ ಸಣ್ಣ ಹೊಂಡಗಳಲ್ಲಿ ಸಿಕ್ಕಿಬಿದ್ದು ಬಿಸಿಲಿಗೆ ಸಾಯುತ್ತವೆ. ಇಂಥ ನದಿಗಳಲ್ಲಿ ಹದಿನೈದು ನಿಮಿಷದ ದಾಖಲೆಯನ್ನೇ ನೋಡಬೇಕು, ಗಂಟೆಗೆ ಎಷ್ಟು ಸೆಂಟಿಮೀಟರಿಗಿಂತ ಬೇಗ ಮಟ್ಟ ಇಳಿಯಬಾರದು ಎಂಬ ನಿಯಮವೂ ಬೇಕು.

ಪ್ರಶ್ನೆ: ನೀರೊಳಗಿನ ಮೀನನ್ನು ಎಣಿಸುವುದು ಹೇಗೆ? ಬಲೆಗೆ ಬಿದ್ದದ್ದಷ್ಟೇ ಲೆಕ್ಕವೇ? (ಹಲವು ಓದುಗರು)

ಉತ್ತರ: ಎಲ್ಲ ಮೀನುಗಳನ್ನೂ ಎಣಿಸುವ ಅವಕಾಶ ಬಹಳ ಕಡಿಮೆ ಕಡೆ ಸಿಗುತ್ತದೆ. ಅಮೆರಿಕದ ಕೊಲಂಬಿಯಾ ನದಿಯ ಬಾನವಿಲ್ ಅಣೆಕಟ್ಟಿನಲ್ಲಿ ಮೀನುಗಳು ಮೆಟ್ಟಿಲುಗಳಂತೆ ಕಟ್ಟಿದ ಕಾಲುವೆಯ ಮೂಲಕ ಮೇಲೇರುತ್ತವೆ, ಅಲ್ಲಿ 1938ರಿಂದ ಅವುಗಳ ಎಣಿಕೆ ನಡೆದುಬಂದಿದೆ. ಉಳಿದೆಡೆ ಮಾದರಿ ಹಿಡಿದೇ ಅಂದಾಜು ಮಾಡಬೇಕು. ನೂರು ಮೀನುಗಳಿಗೆ ಗುರುತು ಹಾಕಿ ಬಿಟ್ಟು, ಅವು ಉಳಿದವುಗಳೊಂದಿಗೆ ಚೆನ್ನಾಗಿ ಬೆರೆತ ಮೇಲೆ ಮತ್ತೆ ಎಂಬತ್ತು ಮೀನು ಹಿಡಿದಾಗ ಅದರಲ್ಲಿ ಗುರುತಿನವು ಹತ್ತು ಸಿಕ್ಕಿದರೆ, ಒಟ್ಟು ಸುಮಾರು ಎಂಟುನೂರು ಎಂದು ಲೆಕ್ಕ ಹಾಕುವುದು ಹಳೆಯ ಕ್ರಮ. ಅಕ್ಕಿಕಾಳಿನಷ್ಟು ದೊಡ್ಡ, ಬ್ಯಾಟರಿ ಇಲ್ಲದ ಟ್ಯಾಗನ್ನು ಮೀನಿನ ದೇಹದೊಳಗೆ ಇಟ್ಟು, ಅದು ಆಂಟೆನಾದ ಬಳಿ ಹಾದಾಗಲೆಲ್ಲ ಅದರ ಸಂಖ್ಯೆಯನ್ನು ಓದುವುದು ಹೊಸ ಕ್ರಮ. ನೀರಿನಲ್ಲಿ ಕರಗಿ ತೇಲುವ ಡಿಎನ್‌ಎ ತುಣುಕುಗಳಿಂದ ಯಾವ ಜಾತಿಯ ಮೀನು ಇದೆ ಎಂದು ತಿಳಿಯುವ ವಿಧಾನವೂ ಬಂದಿದೆ, ಅಪರೂಪದ ಜಾತಿಗಳನ್ನು ಹುಡುಕಲು ಅದು ಬಹಳ ಉಪಯುಕ್ತ. ಆದರೆ ಆ ತುಣುಕು ಮೇಲ್ಭಾಗದಿಂದ ತೇಲಿಬಂದದ್ದಿರಬಹುದು; ಮೀನಿನ ವಯಸ್ಸು, ಗಾತ್ರ, ಆರೋಗ್ಯವನ್ನೂ ಅದು ತಿಳಿಸುವುದಿಲ್ಲ.

ಸಾಮಾನ್ಯ ಸಮೀಕ್ಷೆಯಲ್ಲಿ ಸಿಕ್ಕ ಮೀನುಗಳಷ್ಟೇ ಮುಖ್ಯವಾದದ್ದು ಹಿಡಿಯಲು ಮಾಡಿದ ಪ್ರಯತ್ನದ ದಾಖಲೆ. ಎಷ್ಟು ಬಲೆ, ಬಲೆಯ ಕಣ್ಣು ಎಷ್ಟು ದೊಡ್ಡದು, ಎಷ್ಟು ಗಂಟೆ ಒಡ್ಡಿತ್ತು, ಹಗಲೋ ರಾತ್ರಿಯೋ ಎಂಬುದನ್ನು ಬರೆಯದ ‘ಇಂದು 43 ಮೀನು’ ಎಂಬ ಅಂಕಿಯಿಂದ ಏನೂ ಉಪಯೋಗವಿಲ್ಲ. ಇದರ ಜೊತೆಗೆ ಆ ಹೊತ್ತಿನ ಹರಿವನ್ನೂ ಬರೆಯಲೇಬೇಕು, ಏಕೆಂದರೆ ನೀರು ಏರಿದಾಗ ಅಷ್ಟೇ ಮೀನುಗಳು ಹೆಚ್ಚು ಜಾಗಕ್ಕೆ ಹರಡಿಕೊಂಡು ಬಲೆಗೆ ಕಡಿಮೆ ಬೀಳುತ್ತವೆ, ಬೇಸಿಗೆಯಲ್ಲಿ ಮಡುವಿನಲ್ಲಿ ಒತ್ತಾಗಿ ನಿಂತು ಹೆಚ್ಚು ಬೀಳುತ್ತವೆ. ಹರಿವಿನ ಅಂಕಿ ಇಲ್ಲದೆ ಇದನ್ನು ಓದಿದವರು ಬೇಸಿಗೆಯಲ್ಲಿ ಮೀನು ಹೆಚ್ಚಿತೆಂದು ತಿಳಿದಾರು.

ಹರಿವು ಮತ್ತು ಮೀನು ಎರಡನ್ನೂ ಒಂದೇ ದಾರದಲ್ಲಿ ಪೋಣಿಸುವ, ನನಗೆ ಅತ್ಯಂತ ಪ್ರಿಯವಾದ ಸಾಕ್ಷ್ಯವೊಂದಿದೆ. ಮೀನಿನ ತಲೆಯೊಳಗೆ, ಮಿದುಳಿನ ಕೆಳಬದಿಯಲ್ಲಿ, ಸಮತೋಲನಕ್ಕೂ ಶಬ್ದ ಗ್ರಹಿಸುವುದಕ್ಕೂ ನೆರವಾಗುವ ಸುಣ್ಣದ ಸಣ್ಣ ಹರಳುಗಳಿವೆ. ಇವನ್ನು ಕಿವಿಗಲ್ಲು ಎನ್ನಬಹುದು. ಮರಿಮೀನಿನಲ್ಲಿ ಅದು ಬರಿಗಣ್ಣಿಗೆ ಕಾಣುವುದೇ ಕಷ್ಟ. ಅದನ್ನು ಗಾಜಿನ ಪಟ್ಟಿಗೆ ಅಂಟಿಸಿ, ನಯವಾದ ಉಜ್ಜುಕಾಗದದ ಮೇಲೆ ಬೆರಳ ತುದಿಯಿಂದ ತೆಳುವಾಗಿ ಉಜ್ಜಿ, ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಮರದ ತೊಲೆಯನ್ನು ಅಡ್ಡ ಕೊಯ್ದಾಗ ಕಾಣುವಂಥ ಉಂಗುರಗಳು ಕಾಣುತ್ತವೆ. ಸ್ವಲ್ಪ ಹೆಚ್ಚು ಉಜ್ಜಿದರೂ ನಡುವಿನ ಉಂಗುರ ಅಳಿಸಿಹೋಗುತ್ತದೆ. ದೊಡ್ಡ ಮೀನಿನಲ್ಲಿ ವರ್ಷದ ಉಂಗುರಗಳನ್ನು ಎಣಿಸುತ್ತಾರೆ. ಅನೇಕ ಜಾತಿಗಳ ಮರಿಗಳಲ್ಲಿ ದಿನಕ್ಕೊಂದರಂತೆ ಉಂಗುರ ಮೂಡುತ್ತದೆ. ಇಂದು ಹಿಡಿದ ಮರಿಯಲ್ಲಿ ನಲವತ್ತು ಉಂಗುರಗಳಿದ್ದರೆ ಅದು ಹೆಚ್ಚುಕಡಿಮೆ ನಲವತ್ತು ದಿನಗಳ ಹಿಂದೆ ಹುಟ್ಟಿದ್ದು. ಕ್ಯಾಲೆಂಡರಿನಲ್ಲಿ ಹಿಂದಕ್ಕೆ ಎಣಿಸಿ, ಆ ದಿನಾಂಕದ ಹರಿವಿನ ದಾಖಲೆಯನ್ನು ತೆರೆದು ನೋಡಬಹುದು. ನೂರು ಮರಿಗಳ ಹುಟ್ಟಿದ ದಿನಗಳೆಲ್ಲ ನದಿ ಒಮ್ಮೆ ಏರಿದ ಆ ನಾಲ್ಕೈದು ದಿನಗಳ ಸುತ್ತ ಗುಂಪಾಗಿದ್ದರೆ, ಮುಂದಿನ ವರ್ಷ ಯಾವಾಗ ನೀರು ಬಿಡಬೇಕೆಂದು ಯಾರೂ ಊಹಿಸಬೇಕಾಗಿಲ್ಲ.

ಪ್ರಶ್ನೆ: ನೀರಿದ್ದರೂ ಒಂದೇ ರಾತ್ರಿಯಲ್ಲಿ ಮೀನುಗಳು ಸತ್ತು ತೇಲುತ್ತವೆ. ಯಾರೋ ವಿಷ ಹಾಕಿರಬೇಕಲ್ಲವೇ? (ಮೀನುಗಾರರೊಬ್ಬರು)

ಉತ್ತರ: ವಿಷದ ಸಾಧ್ಯತೆಯನ್ನು ತಳ್ಳಿಹಾಕಬೇಡಿ, ಆದರೆ ಮೊದಲು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆಸಿ. ನೀರು ಬೆಚ್ಚಗಾದಷ್ಟೂ ಆಮ್ಲಜನಕವನ್ನು ಕಡಿಮೆ ಹಿಡಿದುಕೊಳ್ಳುತ್ತದೆ: 20 ಡಿಗ್ರಿಯ ಶುದ್ಧ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದರೆ, 30 ಡಿಗ್ರಿಯದು ಸುಮಾರು 7.5 ಮಾತ್ರ. ಪಾಚಿ ತುಂಬಿದ ನೀರಿನಲ್ಲಿ ಹಗಲಿಡೀ ಆಮ್ಲಜನಕ ಏರಿ, ರಾತ್ರಿ ಪಾಚಿಯೇ ಅದನ್ನು ಉಸಿರಾಡುವುದರಿಂದ ಬೆಳಗಿನ ಜಾವಕ್ಕೆ ಅತಿ ಕಡಿಮೆಯಾಗುತ್ತದೆ. ಅದು ಎರಡು ಮಿಲಿಗ್ರಾಮಿಗಿಂತ ಕೆಳಗಿಳಿದರೆ ಹೆಚ್ಚಿನ ಮೀನುಗಳು ತಡೆಯಲಾರವು. ಮಧ್ಯಾಹ್ನ ಬಂದು ಅಳೆದ ಅಧಿಕಾರಿಗೆ ಎಲ್ಲವೂ ಸರಿಯಾಗಿ ಕಾಣುವುದು ಇದರಿಂದಲೇ.

ಆಸ್ಟ್ರೇಲಿಯಾದ ಡಾರ್ಲಿಂಗ್ ನದಿಯಲ್ಲಿ ಮೆನಿಂಡೀ ಬಳಿ 2018ರ ಡಿಸೆಂಬರಿನಿಂದ 2019ರ ಜನವರಿಯವರೆಗೆ ಮೂರು ಬಾರಿ ಭಾರೀ ಮೀನುಸಾವು ಸಂಭವಿಸಿತು. ಹರಿವು ನಿಂತ ಮಡುಗಳಲ್ಲಿ ಬಿಸಿ ನೀರು ಮೇಲೆ, ತಣ್ಣನೆಯ ಆಮ್ಲಜನಕವಿಲ್ಲದ ನೀರು ಕೆಳಗೆ ಪದರವಾಗಿ ನಿಂತಿತ್ತು, ಮೇಲೆ ಪಾಚಿ ಹಬ್ಬಿತ್ತು. ಹವೆ ಥಟ್ಟನೆ ತಂಪಾದಾಗ ಮೇಲಿನ ಪದರವೂ ತಣಿದು, ಎರಡೂ ಬೆರೆತು, ಇಡೀ ಮಡುವಿನಲ್ಲಿ ಉಸಿರಾಟಕ್ಕೆ ಆಮ್ಲಜನಕ ಉಳಿಯಲಿಲ್ಲ. ಹಲವು ದಶಕ ಬದುಕಿದ್ದ ಮರ್ರೆ ಕಾಡ್ ಮೀನುಗಳೂ ಸತ್ತವು. ಮಳೆಯ ಕೊರತೆಯೂ ಮೇಲ್ಭಾಗದಲ್ಲಿ ನೀರನ್ನು ತೆಗೆದದ್ದೂ ಸೇರಿ ಹರಿವು ನಿಂತಿತೆಂದು ಆಸ್ಟ್ರೇಲಿಯಾದ ವಿಜ್ಞಾನ ಅಕಾಡೆಮಿ 2019ರಲ್ಲಿ ವರದಿ ಮಾಡಿತು. ಮಡುವಿನಲ್ಲಿ ಮೇಲೊಂದು ಕೆಳಗೊಂದು ಉಷ್ಣಮಾಪಕ ಇಳಿಬಿಟ್ಟು ಎರಡರ ವ್ಯತ್ಯಾಸ ನೋಡುತ್ತಿದ್ದರೆ ಪದರ ಕಟ್ಟಿದ್ದು ಮೊದಲೇ ಗೊತ್ತಾಗುತ್ತದೆ.

ಪ್ರಶ್ನೆ: ಎಷ್ಟು ವರ್ಷದ ದಾಖಲೆ ಇದ್ದರೆ ನಿರ್ಧಾರಕ್ಕೆ ಸಾಕು? (ಸಂಶೋಧನಾ ವಿದ್ಯಾರ್ಥಿ)

ಉತ್ತರ: ಹರಿವಿಗೆ ಮೂವತ್ತು ವರ್ಷಕ್ಕಿಂತ ಕಡಿಮೆ ಇದ್ದರೆ ಎಚ್ಚರ ವಹಿಸಿ. ಕೊಲರಾಡೋ ನದಿಯ ನೀರನ್ನು ಅಮೆರಿಕದ ಏಳು ರಾಜ್ಯಗಳು 1922ರಲ್ಲಿ ಹಂಚಿಕೊಂಡಾಗ ಅವರ ಮುಂದಿದ್ದದ್ದು ಅಸಾಧಾರಣವಾಗಿ ನೀರು ತುಂಬಿದ ಕೆಲವು ವರ್ಷಗಳ ದಾಖಲೆ. ನದಿಯಲ್ಲಿ ಇಲ್ಲದ ನೀರನ್ನು ಕಾಗದದ ಮೇಲೆ ಹಂಚಿದ ಆ ತಪ್ಪಿನ ಬೆಲೆಯನ್ನು ಅವರು ಇಂದಿಗೂ ತೆರುತ್ತಿದ್ದಾರೆ.

ಮೀನಿನ ವಿಷಯದಲ್ಲಿ ವರ್ಷಗಳ ಸಂಖ್ಯೆ ಅದರ ಆಯುಸ್ಸನ್ನು ಅವಲಂಬಿಸುತ್ತದೆ. ಒಂದೆರಡು ವರ್ಷ ಬದುಕುವ ಸಣ್ಣ ಮೀನು ಹರಿವು ಕೆಟ್ಟ ಮರುವರ್ಷವೇ ಕಡಿಮೆಯಾಗುತ್ತದೆ. ದೀರ್ಘಾಯುಷಿ ಮೀನು ಹತ್ತು ವರ್ಷ ಮರಿ ಮಾಡದಿದ್ದರೂ ದೊಡ್ಡ ಮೀನುಗಳು ಬಲೆಗೆ ಬೀಳುತ್ತಲೇ ಇರುತ್ತವೆ. ಆದ್ದರಿಂದ ಒಟ್ಟು ಸಂಖ್ಯೆಗಿಂತ ಪ್ರತಿ ಮೀನಿನ ಉದ್ದವನ್ನು ಬರೆದಿಡುವುದು ಮುಖ್ಯ. ದೊಡ್ಡವು ಇದ್ದು ಚಿಕ್ಕವು ಇಲ್ಲದ ಪಟ್ಟಿ ಮುಪ್ಪಾಗುತ್ತಿರುವ ಸಂತತಿಯ ಪಟ್ಟಿ. ಅಣೆಕಟ್ಟಿನ ಪರಿಣಾಮವನ್ನು ತಿಳಿಯಬೇಕಿದ್ದರೆ ಕಟ್ಟುವ ಮೊದಲಿನ ಅಳತೆಯೂ, ಅಣೆಕಟ್ಟಿಲ್ಲದ ಅಂಥದ್ದೇ ಇನ್ನೊಂದು ಹೊಳೆಯ ಅಳತೆಯೂ ಜೊತೆಯಲ್ಲಿರಬೇಕು. ಇಲ್ಲದಿದ್ದರೆ ಒಂದು ಬರವರ್ಷದ ತಪ್ಪನ್ನು ಅಣೆಕಟ್ಟಿನ ಮೇಲೆ ಅಥವಾ ಅಣೆಕಟ್ಟಿನ ತಪ್ಪನ್ನು ಬರದ ಮೇಲೆ ಹೊರಿಸಿದಂತಾಗುತ್ತದೆ.

ಪ್ರಶ್ನೆ: ಮೀನಿಗೆ ನೀರು ಎಂದರೆ ನಮ್ಮ ಬೆಳೆಯ ನೀರನ್ನು ಕಿತ್ತುಕೊಳ್ಳುವುದಲ್ಲವೇ? (ರೈತರೊಬ್ಬರು)

ಉತ್ತರ: ನಿಮ್ಮ ಆತಂಕ ನ್ಯಾಯವಾದದ್ದು, ಅದನ್ನು ಹಗುರವಾಗಿ ಕಾಣಲಾರೆ. ಕೆಲವು ವರ್ಷಗಳಲ್ಲಿ ನಿಜವಾಗಿಯೂ ಯಾರಿಗಾದರೂ ಕಡಿಮೆಯಾಗುತ್ತದೆ. ಆದರೂ ಎರಡು ಸಂಗತಿಗಳನ್ನು ಗಮನಿಸಿ. ನದಿಯಲ್ಲಿ ಬಿಟ್ಟ ನೀರು ಅಲ್ಲಿಯೇ ಮುಗಿದುಹೋಗುವುದಿಲ್ಲ, ಕೆಳಗಿನ ಕಾಲುವೆಯಲ್ಲಿ, ಬಾವಿಯಲ್ಲಿ ಅದರ ಬಹುಪಾಲು ಮತ್ತೆ ಸಿಗುತ್ತದೆ. ಅನೇಕ ಬಾರಿ ಬೇಕಾಗಿರುವುದು ಹೆಚ್ಚು ನೀರಲ್ಲ, ಕೆಳಗಿನ ಬೇಸಾಯಕ್ಕೆಂದು ಹೇಗೂ ಬಿಡುವ ನೀರನ್ನೇ ಹತ್ತು ದಿನ ಮುಂಚೆ ಅಥವಾ ತಡವಾಗಿ ಬಿಡುವುದು. ಎರಡನೆಯದಾಗಿ, ಮೀನಿನ ದಾಖಲೆ ಇಲ್ಲದ ಕಡೆ ಸಂದೇಹಕ್ಕೆಂದು ಪ್ರತಿವರ್ಷವೂ ನೀರು ಬಿಡಬೇಕಾಗುತ್ತದೆ, ದಾಖಲೆ ಇದ್ದ ಕಡೆ ಅಗತ್ಯವಿದ್ದ ವರ್ಷ, ಅಗತ್ಯವಿದ್ದ ದಿನ ಮಾತ್ರ ಬಿಟ್ಟರೆ ಸಾಕು. ಒಳ್ಳೆಯ ಅಳತೆ ರೈತರ ನೀರನ್ನೂ ಉಳಿಸುತ್ತದೆ.

ಬೆಲೆ ತೆರಬೇಕಾದವರು ಯಾವಾಗಲೂ ರೈತರೇ ಆಗಬೇಕೆಂದೂ ಇಲ್ಲ. ಕೊಲರಾಡೋ ನದಿಯ ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನ ಜಲಾಶಯ ಕುಗ್ಗಿದಾಗ ಮೇಲ್ಪದರದ ಬೆಚ್ಚನೆಯ ನೀರು ಯಂತ್ರಗಳ ಮೂಲಕ ಕೆಳಗೆ ಹರಿಯತೊಡಗಿತು, 2022ರಲ್ಲಿ ಅಣೆಕಟ್ಟಿನ ಕೆಳಗೆ ಸ್ಮಾಲ್‌ಮೌತ್ ಬಾಸ್ ಎಂಬ ಹೊರಗಿನ ಬೇಟೆಗಾರ ಮೀನಿನ ಮರಿಗಳು ಸಿಕ್ಕವು. ಅಲ್ಲಿನ ಸ್ಥಳೀಯ ಹಂಪ್‌ಬ್ಯಾಕ್ ಚಬ್ ಮೀನಿಗೆ ಇದು ಕುತ್ತು. ಹಾಗಾಗಿ 2024ರ ಜುಲೈಯಿಂದ ಕೆಲವು ತಿಂಗಳು ಆಳದ ಕೊಳವೆಗಳಿಂದ ತಣ್ಣೀರನ್ನು ಬೆರೆಸಿ ಬಿಟ್ಟು ನದಿಯನ್ನು ತಂಪಾಗಿಸಿದರು. ಆ ಕೊಳವೆಗಳಿಗೆ ವಿದ್ಯುತ್ ಯಂತ್ರಗಳಿಲ್ಲ. ಆದ್ದರಿಂದ ಅಲ್ಲಿ ನಷ್ಟವಾದದ್ದು ವಿದ್ಯುತ್ತು. ಯಾರ ಪಾಲಿನಿಂದ, ಯಾವ ಮಟ್ಟ ತಲುಪಿದಾಗ, ಎಷ್ಟು ಎಂಬುದನ್ನು ನೀರಿರುವ ವರ್ಷದಲ್ಲೇ ಎಲ್ಲರೂ ಕೂತು ಒಪ್ಪಿ ಬರೆದಿಡಬೇಕು. ಬರ ಬಂದ ಮೇಲೆ ಕರೆದ ಸಭೆಯಲ್ಲಿ ಮೀನಿನ ಪರವಾಗಿ ಮಾತನಾಡುವವರು ಯಾರೂ ಇರುವುದಿಲ್ಲ, ಸಣ್ಣ ರೈತನ ಪರವಾಗಿ ಮಾತನಾಡುವವರೂ ಕಡಿಮೆ.

ಪ್ರಶ್ನೆ: ನಮ್ಮದು ಹತ್ತು ಜನರ ಚಿಕ್ಕ ತಂಡ. ದುಬಾರಿ ಉಪಕರಣಗಳಿಲ್ಲ. ನಾವು ಏನಾದರೂ ಅಳೆಯಬಹುದೇ? (ಯುವಕ ಸಂಘದ ಕಾರ್ಯದರ್ಶಿ)

ಉತ್ತರ: ಖಂಡಿತ ಅಳೆಯಬಹುದು. ಹೊಳೆ ನೇರವಾಗಿ ಹರಿಯುವ, ತಳ ಗಟ್ಟಿಯಾಗಿರುವ ಒಂದು ಜಾಗವನ್ನು ಆರಿಸಿ, ಬಂಡೆಯ ಮೇಲೋ ಸೇತುವೆಯ ಕಂಬದ ಮೇಲೋ ಅನುಮತಿ ಪಡೆದು ಸೆಂಟಿಮೀಟರ್ ಗೆರೆಗಳನ್ನು ಬರೆಯಿರಿ. ದಿನವೂ ಒಂದೇ ಹೊತ್ತಿಗೆ ಓದಿ. ತಿಂಗಳಿಗೊಮ್ಮೆ ಹರಿವನ್ನು ಅಳೆಯಿರಿ: ಇಪ್ಪತ್ತು ಮೀಟರ್ ದೂರವನ್ನು ಗುರುತಿಸಿ, ಅರ್ಧ ಮುಳುಗಿ ತೇಲುವ ವಸ್ತುವೊಂದನ್ನು ಹೊಳೆಯ ಬೇರೆ ಬೇರೆ ಭಾಗಗಳಲ್ಲಿ ಹಲವು ಬಾರಿ ಬಿಟ್ಟು ಸೆಕೆಂಡುಗಳನ್ನು ಎಣಿಸಿ. ಹೊಳೆ ಎಂಟು ಮೀಟರ್ ಅಗಲ, ಸರಾಸರಿ ಅರ್ಧ ಮೀಟರ್ ಆಳ ಇದ್ದು, ತೇಲುವಸ್ತು ಸರಾಸರಿ ನಲವತ್ತು ಸೆಕೆಂಡಿನಲ್ಲಿ ದಾಟಿದರೆ ಮೇಲ್ಮೈ ವೇಗ ಸೆಕೆಂಡಿಗೆ ಅರ್ಧ ಮೀಟರ್. ಕೆಳಗಿನ ನೀರು ನಿಧಾನವಾದ್ದರಿಂದ ಅದನ್ನು 0.85ರಿಂದ ಗುಣಿಸಿ, ನಾಲ್ಕು ಚದರ ಮೀಟರ್ ವಿಸ್ತೀರ್ಣದಿಂದ ಮತ್ತೆ ಗುಣಿಸಿದರೆ 1.7 ಕ್ಯುಮೆಕ್ ಬರುತ್ತದೆ. ಹೊಳೆ ಉಕ್ಕಿದಾಗ ಯಾರೂ ನೀರಿಗೆ ಇಳಿಯಬಾರದು, ದಡದಿಂದ ಮಟ್ಟವನ್ನು ಓದಿದರೆ ಸಾಕು.

ಮೀನಿಗೆ ನೀವು ಹೊಸದಾಗಿ ಬಲೆ ಬೀಸಬೇಕಾಗಿಲ್ಲ. ಈಗಾಗಲೇ ಹಿಡಿಯುತ್ತಿರುವ ಇಬ್ಬರು ಮೂವರು ಮೀನುಗಾರರ ಜೊತೆ ಕೂತು, ಅವರು ಬಳಸುವ ಹೆಸರುಗಳಲ್ಲೇ ಜಾತಿ, ಉದ್ದ, ಬಲೆಯ ಕಣ್ಣು, ಒಡ್ಡಿದ ಹೊತ್ತು, ಮೊಟ್ಟೆ ತುಂಬಿದ ಹೆಣ್ಣು ಮೀನು ಕಂಡ ದಿನ, ಇಷ್ಟನ್ನು ಬರೆದುಕೊಳ್ಳಿ. ಗುರುತು ಖಚಿತವಿಲ್ಲದ ಮೀನಿನ ಚಿತ್ರವನ್ನು ಅಳತೆಪಟ್ಟಿಯ ಪಕ್ಕದಲ್ಲಿಟ್ಟು ತೆಗೆಯಿರಿ. ಹರಿವಿಗೂ ಮೀನಿಗೂ ಒಂದೇ ಪುಸ್ತಕವಿರಲಿ, ಎಡ ಪುಟದಲ್ಲಿ ಹೊಳೆ, ಬಲ ಪುಟದಲ್ಲಿ ಮೀನು, ಎರಡಕ್ಕೂ ಒಂದೇ ದಿನಾಂಕ. ಬಲೆ ಒಡ್ಡಿಯೂ ಏನೂ ಸಿಗದ ದಿನ ಸೊನ್ನೆ ಎಂದು ಸ್ಪಷ್ಟವಾಗಿ ಬರೆಯಿರಿ, ಅದು ಬಹಳ ಬೆಲೆಯುಳ್ಳ ಅಂಕಿ. ಬಲೆಯನ್ನೇ ಒಡ್ಡದ ದಿನದ ಜಾಗವನ್ನು ಮಾತ್ರ ಖಾಲಿ ಬಿಡಿ.